ನನ್ನ ಕೈ ತಾಗಿಬಿಟ್ಟಿತು

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿಕೊಳ್ಳುವವರ ಕೀಬೋರ್ಡು, ಕಂಪ್ಯೂಟರುಗಳನ್ನು ಸರಿಮಾಡುವ ಕೆಲಸವನ್ನು ಹೊಸಬರಿಗೆ ಕಲಿಸಲು ನಮ್ಮ ಕಸುಬಿನವರೇ ಕೆಲವರು ಕೆಂಗೇರಿಯಲ್ಲಿ ಒಂದು ತರಗತಿ ಶುರುಮಾಡಿದ್ದಾರೆ. ಮೊದಲ ಪಾಠಕ್ಕೆ 'ಗಿರಿಜಾ ಪದ್ಧತಿ' ಎಂದು ಹೆಸರಿಡುತ್ತೇವೆ, ಅದರ ಬಗ್ಗೆ ನೀವೇ ನಾಲ್ಕು ಮಾತು ಬರೆದುಕೊಡಿ ಎಂದು ಫೋನ್ ಮಾಡಿದರು. ಆಯಿತು ಎಂದು ಫೋನ್ ಇಟ್ಟೆ. 

ಆ ಪದ್ಧತಿಗೆ ನನ್ನ ಹೆಸರು ಬೇಡ. ಅದು ನನ್ನದಲ್ಲ, ಪುಟ್ಟಸ್ವಾಮಿ ಸಾರ್ ಅವರದು. ಅವರ ಹೆಸರಿಡುವುದಕ್ಕೂ ಮೊದಲು ಅದು ಹುಟ್ಟಿದ್ದು ಹೇಗೆ ಎಂದು ನಿಮಗೆ ಗೊತ್ತಿರಬೇಕು. ಜಾಣತನದಿಂದ ಹುಟ್ಟಿದ್ದಲ್ಲ. ಕೇಳಿಸದ ಕಿವಿಯನ್ನು ಮುಚ್ಚಿಡಲು ಹುಟ್ಟಿದ್ದು. ಮೊದಲು ಅವರ ಕಿವಿಯನ್ನು, ಆಮೇಲೆ ನನ್ನದನ್ನು.

ಮೊದಲು ಕೆಲಸದ ವಿಷಯ ಹೇಳುತ್ತೇನೆ.

ನಮ್ಮ ಅಂಗಡಿ ವಿಜಯನಗರದಲ್ಲಿತ್ತು. ಹಾರ್ಮೋನಿಯಂ, ತಬಲಾ, ಗಿಟಾರು, ಕೀಬೋರ್ಡು ಮಾರುವ ಅಂಗಡಿ. ಮಾರಿದ ಮೇಲೆ ಮನೆಗೆ ಹೋಗಿ ಜೋಡಿಸಿಕೊಡುವುದು, ಕೆಟ್ಟರೆ ನೋಡುವುದು ಪುಟ್ಟಸ್ವಾಮಿ ಸಾರ್ ಮತ್ತು ನನ್ನ ಪಾಲಿನ ಕೆಲಸ. 'ಸ್ಟುಡಿಯೋ' ಎಂದು ಜನ ಕರೆಯುತ್ತಿದ್ದುದು ಮನೆಯ ಹಿಂದಿನ ಕೋಣೆಯನ್ನು. ಒಂದು ಮಂಚ, ಒಂದು ಬೀರು, ಇಸ್ತ್ರಿಗೆ ಕಾದಿರುವ ಬಟ್ಟೆಯ ರಾಶಿ, ಅದರ ಪಕ್ಕದಲ್ಲಿ ಕಂಪ್ಯೂಟರು. ಗೋಡೆಗೆ ಹಳೆಯ ರಜಾಯಿ ಹೊಡೆದಿರುತ್ತಿದ್ದರು. ಮಲಗುವ ಕೋಣೆಗೆ ಗಂಡಸರನ್ನು ಬಿಟ್ಟುಕೊಳ್ಳಲು ಹಿಂಜರಿಯುತ್ತಿದ್ದ ಮನೆಗಳವರು ಹೆಂಗಸಾದ ನನ್ನನ್ನು ಕಂಡು ಸಲೀಸಾಗಿ ಬಾಗಿಲು ತೆರೆಯುತ್ತಿದ್ದರು. ಹೋದ ಕೂಡಲೇ ಕೇಳುತ್ತಿದ್ದ ಮಾತು ಎಲ್ಲ ಕಡೆಯೂ ಒಂದೇ: 'ಸೌಂಡೇ ಬರ್ತಿಲ್ಲ ಮೇಡಂ.'

ಹೊಸಬರು ಮೊದಲು ತಿಳಿಯಬೇಕಾದ್ದು ಇಷ್ಟು. ಕೀಬೋರ್ಡಿನಿಂದ ಕಂಪ್ಯೂಟರಿಗೆ ಹೋಗುವ ಮಿಡಿ ವೈರಿನಲ್ಲಿ ಶಬ್ದ ಹೋಗುವುದಿಲ್ಲ. ಸಮಾಚಾರ ಮಾತ್ರ ಹೋಗುತ್ತದೆ. ಇಂಥ ಮನೆಯನ್ನು, ಅಂದರೆ ಕೀಬೋರ್ಡಿನ ಇಂಥ ಕೀಯನ್ನು, ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು. ಅದನ್ನು ಕೇಳಿಸಿಕೊಂಡು ಕಂಪ್ಯೂಟರಿನೊಳಗಿನ ವಾದ್ಯ ನುಡಿಯುತ್ತದೆ. ಆದ್ದರಿಂದ ತೊಂದರೆ ಏನಿದ್ದರೂ ಸಮಾಚಾರದ್ದು. ತಲುಪಿರುವುದಿಲ್ಲ, ಇಲ್ಲವೇ ಎರಡು ಸಲ ತಲುಪಿರುತ್ತದೆ, ಇಲ್ಲವೇ ಬೇರೆ ವಿಳಾಸಕ್ಕೆ ಹೋಗಿರುತ್ತದೆ. ಇವು ಮೂರೂ ಸುಲಭ. ನಾಲ್ಕನೆಯದೊಂದಿದೆ. 'ಒತ್ತಿದರು' ಎಂಬುದು ತಲುಪಿ, 'ಬಿಟ್ಟರು' ಎಂಬುದು ದಾರಿಯಲ್ಲಿ ತಪ್ಪಿಹೋಗುವುದು. ಆಗ ಆ ಸ್ವರ ನಿಲ್ಲುವುದೇ ಇಲ್ಲ. ನೋಟ್ ಹ್ಯಾಂಗ್ ಆಯಿತು ಎನ್ನುತ್ತೇವೆ. ನಾನು ಹೇಳಬೇಕಾಗಿರುವುದು ಈ ನಾಲ್ಕನೆಯದರ ಬಗ್ಗೆ.

ಆದರೆ ಎರಡನೆಯದಕ್ಕೂ ಒಂದು ಕಥೆಯಿದೆ, ಅದನ್ನು ಬಿಡಲು ಮನಸ್ಸಾಗುವುದಿಲ್ಲ. ಗೋವಿಂದರಾಜನಗರದಲ್ಲಿ ಪೇಂಟು, ಮೊಳೆ ಮಾರುವ ಶಿವಣ್ಣ ಎಂಬವರಿದ್ದರು. ದೇವರ ನಾಮಗಳಿಗೆ ತಾವೇ ರಾಗ ಹಾಕಿ ರೆಕಾರ್ಡ್ ಮಾಡುತ್ತಿದ್ದರು. ಅವರ ಕೀಬೋರ್ಡಿನಲ್ಲಿ ಒಂದು ಮನೆ ಒತ್ತಿದರೆ ಎರಡು ಸಲ ನುಡಿಯುತ್ತಿತ್ತು. ಯಾರದೋ ದೃಷ್ಟಿ ತಾಗಿದೆ ಎಂದು ಸ್ಟ್ಯಾಂಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಕೀಬೋರ್ಡೂ ತಾನೇ ನುಡಿಯುತ್ತಿತ್ತು, ಕಂಪ್ಯೂಟರೂ ನುಡಿಯುತ್ತಿತ್ತು, ಅಷ್ಟೇ. ಕೀಬೋರ್ಡಿನ ಸ್ವಂತ ದನಿಯನ್ನು ಆಫ್ ಮಾಡಿ, ಅಡ್ಡ ಬರುತ್ತಿದ್ದ ನಿಂಬೆಹಣ್ಣನ್ನೂ ಬಿಚ್ಚಿಟ್ಟು ಬಂದೆ. ಮಾರನೆಯ ದಿನ ಬೆಳಿಗ್ಗೆ ಅವರ ಫೋನು. ಕಂಪ್ಯೂಟರ್ ಹಾಕದೆ ಪೂಜೆಗೆ ನುಡಿಸಲು ಕೂತರೆ ಕೀಬೋರ್ಡು ಉಸಿರೇ ಎತ್ತುತ್ತಿಲ್ಲ. 'ನಿಂಬೆಹಣ್ಣು ಬಿಚ್ಬೇಡಿ ಅಂದೆ, ಕೇಳಿದ್ರಾ ಮೇಡಂ?' ಎಂದರು. ಹೋಗಿ ಸರಿಮಾಡಿ, ನಿಂಬೆಹಣ್ಣನ್ನು ನಾನೇ ಮತ್ತೆ ಕಟ್ಟಿಕೊಟ್ಟೆ. ಏನು ಬದಲಾಯಿಸಿದ್ದೀರಿ ಎಂದು ಮನೆಯವರಿಗೆ ಹೇಳದೆ ಎದ್ದು ಬರಬೇಡಿ.

ಮೂರನೆಯದು ಬಾಪೂಜಿನಗರದ ಒಂದು ಭಜನಾ ಮಂಡಳಿಯವರ ಮನೆಯಲ್ಲಿ. ಹಾರ್ಮೋನಿಯಂ ದನಿಗೆ ಇಟ್ಟು ಒತ್ತಿದರೆ ಒಂದು ಮನೆಗೆ ಡೋಲು, ಇನ್ನೊಂದಕ್ಕೆ ಶಿಳ್ಳೆ, ಮತ್ತೊಂದಕ್ಕೆ ಕೈಚಪ್ಪಾಳೆ. ನಾನು ಸೇರಿದ ಹೊಸತು. ಕಿವಿಯಿಂದ ಹುಡುಕಲು ಹೋದೆ. ಒತ್ತುವುದು, ಕೇಳುವುದು, ಹಾರ್ಮೋನಿಯಂ ದನಿ ಕೆಟ್ಟಿದೆ ಎಂದು ತೀರ್ಮಾನಿಸುವುದು. ಮಧ್ಯಾಹ್ನವೆಲ್ಲ ಕೂತು ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದೆ. ಡೋಲು ಡೋಲಾಗಿಯೇ ಉಳಿಯಿತು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, 'ಹೆಣದ ಮುಂದೆ ಹೊಡೆದಂಗೆ ಹೊಡೀತದಲ್ಲವ್ವ' ಎಂದರು. ಕೊನೆಗೆ ಪುಟ್ಟಸ್ವಾಮಿ ಸಾರ್ ಬಂದರು. ವಾಲ್ಯೂಮನ್ನು ಪೂರ್ತಿ ಇಳಿಸಿದರು. ಒಂದು ಮನೆ ಒತ್ತಿ ಹಿಡಿದು, ತೆರೆಯ ಮೇಲೆ ಮಿನುಗುವ ಚಿಕ್ಕ ದೀಪವನ್ನು ನೋಡಿದರು. ಸಮಾಚಾರ ಬಂದಾಗಲೆಲ್ಲ ಮಿನುಗುವ ದೀಪ ಅದು. ಅದು ಹತ್ತನೆಯ ಚಾನೆಲ್ಲಿನಲ್ಲಿ ಮಿನುಗುತ್ತಿತ್ತು. ಚಾನೆಲ್ ಎಂದರೆ ಸಮಾಚಾರದ ವಿಳಾಸ, ಹತ್ತನೆಯದು ತಾಳವಾದ್ಯಗಳಿಗೆ ಮೀಸಲು. ಅದನ್ನು ಒಂದಕ್ಕೆ ತಿರುಗಿಸಿದರು. ಅಷ್ಟು ಹೊತ್ತೂ ಅವರು ಏನನ್ನೂ ಕೇಳಿಸಿಕೊಂಡಿರಲಿಲ್ಲ.

ಇದೇ ಆ ಪದ್ಧತಿ. ವಾಲ್ಯೂಮ್ ಇಳಿಸಿ. ಕೀಬೋರ್ಡಿನಿಂದ ಹೊರಟು ವೈರು, ವೈರನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ, ಸಾಫ್ಟ್‌ವೇರು, ಟ್ರ್ಯಾಕು, ವಾದ್ಯ ಹೀಗೆ ಒಂದೊಂದೇ ಮೆಟ್ಟಿಲಲ್ಲಿ ದೀಪ ಮಿನುಗುತ್ತಿದೆಯೇ ನೋಡಿ. ಎಲ್ಲಿ ನಿಂತಿದೆಯೋ ಅಲ್ಲಿದೆ ತೊಂದರೆ. ಎಲ್ಲ ಮುಗಿದ ಮೇಲೆ ಮಾತ್ರ ವಾಲ್ಯೂಮ್ ಏರಿಸಿ, ಮನೆಯವರನ್ನು ಕರೆದು ಕೇಳಿ: 'ನೀವೇ ಹೇಳಿ, ಈಗ ಸರಿ ಇದೆಯಾ?'

ಸಾರ್ ಹೇಳುತ್ತಿದ್ದ ಮಾತೊಂದಿತ್ತು. 'ಕಿವಿ ಮನೆಯವ್ರದು, ಕಣ್ಣು ನಮ್ದು.' ಜನ ಇದನ್ನು ಎಷ್ಟು ಮೆಚ್ಚುತ್ತಿದ್ದರೆಂದರೆ, ಇಷ್ಟು ದೊಡ್ಡ ಕೆಲಸಗಾರ ತನ್ನ ಕಿವಿಗಿಂತ ನಮ್ಮ ಕಿವಿಗೆ ಬೆಲೆ ಕೊಡುತ್ತಾನಲ್ಲ ಎಂದು ನಮ್ಮೆದುರಿಗೇ ಹೇಳುತ್ತಿದ್ದರು. ಸಾರ್ ತಲೆ ತಗ್ಗಿಸಿ ವೈರು ಸುತ್ತಿಕೊಳ್ಳುತ್ತಿದ್ದರು. ನಾನು ಅದನ್ನು ವಿನಯ ಅಂದುಕೊಂಡಿದ್ದೆ.

ಅದು ವಿನಯವಲ್ಲ ಎಂದು ತಿಳಿದದ್ದು ಬಸವೇಶ್ವರನಗರದಲ್ಲಿ, ನೃತ್ಯ ಕಲಿಸುವ ವಿಜಯಾ ಮೇಡಂ ಅವರ ಮನೆಯಲ್ಲಿ. ಅವರಿಗೆ ಅರವತ್ತು ದಾಟಿತ್ತು. ಶಿಷ್ಯೆಯೊಬ್ಬಳ ರಂಗಪ್ರವೇಶಕ್ಕೆ ಹಾಡುಗಳನ್ನು ಮನೆಯಲ್ಲೇ ಸಿದ್ಧಮಾಡಿಕೊಳ್ಳುತ್ತಿದ್ದರು. ಕೀಬೋರ್ಡು ಕಂಪ್ಯೂಟರಿಗೆ ಕಾಣಿಸುತ್ತಿರಲಿಲ್ಲ. ಆ ಮನೆಯಲ್ಲಿ ಶ್ರುತಿಪೆಟ್ಟಿಗೆ ಬೆಳಗಿನಿಂದ ಸಂಜೆಯವರೆಗೆ ಆಫ್ ಆಗುತ್ತಿರಲಿಲ್ಲ. ಅದು ಮೈಕಿನಲ್ಲೂ ಬರುತ್ತಿದ್ದುದರಿಂದ ತೆರೆಯ ಮೇಲೆ ಶಬ್ದ ತೋರಿಸುವ ಗೀಟು ಒಂದೇ ಸಮ ಎದ್ದಿರುತ್ತಿತ್ತು, ಬೇರೆ ಸಣ್ಣ ಶಬ್ದ ಸೇರಿದರೂ ಅದರಲ್ಲಿ ಗೊತ್ತಾಗುತ್ತಿರಲಿಲ್ಲ. ಸಾರ್ ತಮ್ಮ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಂದು ದಾರಿ ಸರಿಮಾಡಿದರು. ಕೊನೆಗೆ ಒಂದು ಮನೆ ಒತ್ತಿ ಹಿಡಿದುಕೊಂಡೇ, ಸ್ಥಾಯಿ ಬದಲಿಸುವ ಗುಂಡಿಯನ್ನೂ ಒತ್ತಿ ನೋಡಿದರು. ಅಗ್ಗದ ಕೀಬೋರ್ಡುಗಳಲ್ಲಿ ಹಾಗೆ ಮಾಡಬಾರದು. ಒತ್ತಿದ್ದು ಒಂದು ಸ್ವರ, ಬಿಟ್ಟ ಸಮಾಚಾರ ಹೋಗುವುದು ಬೇರೊಂದು ಸ್ವರಕ್ಕೆ. ಮೊದಲಿನದು ಹಾಗೇ ಉಳಿದುಬಿಡುತ್ತದೆ.

ಉಳಿಯಿತು. ತೀರ ಮೇಲಿನ ಸ್ಥಾಯಿಯಲ್ಲಿ, ಸೂಜಿಯಷ್ಟು ಸಣ್ಣಗೆ. ಸಾರ್ ವಾಲ್ಯೂಮ್ ಏರಿಸಿ, ಕೈಯೊರೆಸಿಕೊಂಡು ವಿಜಯಾ ಮೇಡಂ ಕಡೆ ತಿರುಗಿ, ನೀವೇ ಹೇಳಿ ಎಂದರು. ಮೇಡಂ ಚೆನ್ನಾಗಿದೆ ಎಂದರು.

ನಾನು ಮೆಲ್ಲಗೆ, 'ಸಾರ್, ಮೇಲೆ ಒಂದು ನೋಟ್ ಹ್ಯಾಂಗ್ ಆಗಿದೆ' ಎಂದೆ.

'ಎಲ್ಲಿ?' ಎಂದರು. ದೀಪ ನೋಡಿದರು. 'ಲ್ಯಾಂಪ್ ಆಫ್ ಇದೆ ನೋಡಿ. ಏನೂ ಬರ್ತಿಲ್ಲ.'

ದೀಪ ಆಫ್ ಆಗಿತ್ತು, ನಿಜ. ಏನಾದರೂ ಬಂದಾಗ ಮಾತ್ರ ಅದು ಮಿನುಗುತ್ತದೆ. ಬರಬೇಕಾದ್ದು ಬರಲಿಲ್ಲ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಈ ಒಂದು ತೊಂದರೆಯನ್ನು ಕಿವಿಯೇ ಹಿಡಿಯಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ವಿಜಯಾ ಮೇಡಂ ಸೊಸೆ ಒಳಗೆ ಬಂದರು. ಬಂದವರೇ ಕಿವಿಗೆ ಬೆರಳಿಟ್ಟುಕೊಂಡು, 'ಇದೇನತ್ತೆ ಇದು, ಕಿವಿ ಚುಚ್ಚೋ ಥರ?' ಎಂದರು.

ಸಾರ್ ಮುಖ ನೋಡಿದೆ. ಅದರಲ್ಲಿ ಕಂಡದ್ದನ್ನು ಹೆಚ್ಚು ಮಾಡದೆ, ಕಡಿಮೆ ಮಾಡದೆ ಹೇಳಬೇಕು. ಗಾಬರಿಯಲ್ಲ. ಬೀದಿಯಲ್ಲಿ ಪಂಚೆ ಕಳಚಿದವನ ಮುಖ. ಅವರು ದೀಪ ನೋಡಿದರು, ಸೊಸೆಯ ಬೆರಳು ನೋಡಿದರು, ನನ್ನನ್ನು ನೋಡಿದರು. ನಾನು ಕೈಚಾಚಿ ಎಲ್ಲ ಸ್ವರಗಳನ್ನೂ ಒಮ್ಮೆಗೇ ನಿಲ್ಲಿಸುವ ಪ್ಯಾನಿಕ್ ಬಟನ್ ಒತ್ತಿ, 'ಸಾರಿ ಸಾರ್, ನನ್ನ ಕೈ ತಾಗಿಬಿಟ್ಟಿತು' ಎಂದೆ. ಯೋಚಿಸಿ ಹೇಳಿದ್ದಲ್ಲ.

'ನೋಡ್ಕೊಂಡ್ ಮಾಡ್ಬಾರ್ದೇನಮ್ಮ' ಎಂದರು ಸಾರ್. ಅದೂ ಯೋಚಿಸಿ ಹೇಳಿದ್ದಲ್ಲ.

ವಾಪಸು ಬರುವಾಗ ಒಂದು ದರ್ಶಿನಿಯ ಮುಂದೆ ಗಾಡಿ ನಿಲ್ಲಿಸಿದರು. ಕಾಫಿ ತಂದು ನನ್ನ ಮುಂದಿಟ್ಟು, ತಮ್ಮದನ್ನು ಮುಟ್ಟದೆ ನಿಂತರು. ಆಮೇಲೆ ಹೇಳಿದರು. ಅವರು ಮೊದಲು ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸುತ್ತಿದ್ದವರು. ಗಣೇಶನ ಹಬ್ಬ, ರಾಜ್ಯೋತ್ಸವ, ಅಣ್ಣಮ್ಮನ ಉತ್ಸವ ಎಂದು ಬೀದಿ ಬೀದಿಯಲ್ಲಿ ಆಳೆತ್ತರದ ಸ್ಪೀಕರುಗಳ ಪಕ್ಕದಲ್ಲಿ ನಿಂತು ನುಡಿಸಿದ್ದು. ನಾನೂ ಅದೇ ವೇದಿಕೆಗಳಲ್ಲಿ ಕೋರಸ್ ಹಾಡಿದವಳು, ಹಾಗೇ ಅವರ ಪರಿಚಯ. ಕೆಳಗಿನ ಸ್ಥಾಯಿ, ಮಾತು, ಗಾಡಿ ಸದ್ದು ಎಲ್ಲ ಕೇಳುತ್ತದೆ, ಮೇಲಿನದು ಹೋಗಿ ಬಹಳ ಕಾಲವಾಯಿತು ಎಂದರು. 'ಅಂಗಡೀಲಿ ಗೊತ್ತಾದ್ರೆ ನಾಳೆಯಿಂದ ನನ್ನ ಯಾರ ಮನೆಗೂ ಕಳ್ಸಲ್ಲ ಗಿರಿಜಮ್ಮ. ಕಣ್ಣು ಕಾಣದ ಟೈಲರ್ ಹತ್ರ ಯಾರಾದ್ರೂ ಬಟ್ಟೆ ಕೊಡ್ತಾರಾ?'

'ನಾನಿರ್ತೀನಲ್ಲ ಸಾರ್' ಎಂದೆ.

ಅಲ್ಲಿಂದ ಮುಂದೆ ನಾವಿಬ್ಬರೂ ಒಬ್ಬ ಕೆಲಸಗಾರನಾಗಿ ದುಡಿದೆವು. ಕಣ್ಣು ಅವರದು, ಕಿವಿ ನನ್ನದು. ಎಲ್ಲಾದರೂ ಮೇಲೊಂದು ಸ್ವರ ಉಳಿದರೆ ನಾನು ಬಟನ್ ಒತ್ತಿ ಕೈ ತಾಗಿತು ಎನ್ನುವುದು, ಅವರು ನೋಡಿಕೊಂಡು ಮಾಡಬಾರದೇ ಎಂದು ಗದರುವುದು. ಹೊರಗೆ ಬಂದ ಮೇಲೆ ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಸಾರ್ ಕೈಕೆಳಗಿನ ಹೆಂಗಸಿನ ಕೈ ಒರಟು ಎಂಬ ಹೆಸರು ನನಗೆ ಬಂತು. ಒಬ್ಬರು, 'ಮೇಡಂ, ನೀವು ಸೋಫಾ ಮೇಲೆ ಕೂತ್ಕೊಂಡು ಟಿವಿ ನೋಡಿ, ಸಾರ್ ಮಾಡ್ಲಿ' ಎಂದು ನಕ್ಕರು. ಇನ್ನೊಬ್ಬರು ಅಂಗಡಿಗೆ ಫೋನ್ ಮಾಡಿ, ಪುಟ್ಟಸ್ವಾಮಿಯವರೊಬ್ಬರೇ ಬರಲಿ, ಆಯಮ್ಮ ಬೇಡ ಎಂದರಂತೆ. ಅವರು ಬರದಿದ್ದರೆ ನಾನೂ ಬರುವುದಿಲ್ಲ ಎಂದು ಸಾರ್ ಉತ್ತರ ಕೊಟ್ಟರು. ಅದನ್ನು ಕೇಳಿದ ಅಂಗಡಿಯವರು ಎಷ್ಟು ದೊಡ್ಡ ಮನಸ್ಸು ಎಂದು ಅವರನ್ನು ಹೊಗಳಿದರು. ಆ ಹೊಗಳಿಕೆ ನಡೆಯುವಾಗ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ನಾನು ಗಾಜಿನ ಕಪಾಟಿನೊಳಗಿನ ಕೊಳಲುಗಳನ್ನು ನೋಡುತ್ತಿದ್ದೆ.

ನನಗೆ ಅವರ ಮೇಲೆ ಕೋಪ ಬರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಕೆಲವು ಸಲ ಅವರ ಗದರಿಕೆ ಬೇಕಾದ್ದಕ್ಕಿಂತ ಒಂದು ಮಾತು ಜಾಸ್ತಿಯಾಗುತ್ತಿತ್ತು. ಅಂಥ ದಿನ ದಾರಿಯಲ್ಲಿ ಹೂ ಮಾರುವವರ ಹತ್ತಿರ ಗಾಡಿ ನಿಲ್ಲಿಸಿ ಒಂದು ಮೊಳ ಮಲ್ಲಿಗೆ ಕೊಡಿಸುತ್ತಿದ್ದರು. ಮನೆಗೆ ತಗೊಂಡ್ಹೋಗಮ್ಮ ಎನ್ನುತ್ತಿದ್ದರು. ಕ್ಷಮೆ ಕೇಳುತ್ತಿದ್ದುದು ಹಾಗೆ.

ಸಾರ್ ಕೆಲಸ ಬಿಟ್ಟು ಕೆಂಗೇರಿಯಲ್ಲಿದ್ದ ಮಗನ ಮನೆಗೆ ಹೋದರು. ನಾನೊಬ್ಬಳೇ ಉಳಿದೆ. ಅಷ್ಟರಲ್ಲಿ ಕೆಲಸದ ಸ್ವರೂಪವೂ ಬದಲಾಗಿತ್ತು. ಐದು ಕಡ್ಡಿಯ ದಪ್ಪ ಪಿನ್ನುಗಳು ಹೋಗಿ ಯುಎಸ್‌ಬಿ ಬಂತು, ದೀಪಗಳಿದ್ದ ಕಬ್ಬಿಣದ ಪೆಟ್ಟಿಗೆ ಹೋಗಿ ತೆರೆಯ ಮೂಲೆಯ ಚುಕ್ಕೆಯೊಂದೇ ಉಳಿಯಿತು. ನಾನು ಸಾರ್ ಪದ್ಧತಿಯನ್ನು ಹಾಗೇ ನಡೆಸಿಕೊಂಡು ಬಂದೆ, ಹೊಸಬರಿಗೂ ಹೇಳಿಕೊಟ್ಟೆ. ಅವರು ಅದನ್ನು ನನ್ನದೆಂದು ತಿಳಿದದ್ದು ಹೀಗೆ.

ನನ್ನ ಕಿವಿ ಹೋಗುತ್ತಿದೆ ಎಂದು ಮೊದಲು ಹೇಳಿದ್ದು ಜ್ವರ ನೋಡುವ ಥರ್ಮಾಮೀಟರು. ಅದು ಬೀಪ್ ಎನ್ನುವವರೆಗೆ ಕಾಯಬೇಕು. ನಾನು ಬಾಯಲ್ಲಿಟ್ಟುಕೊಂಡು ಕಾಯುತ್ತಲೇ ಇದ್ದೆ. ಮಗಳು ಅಡುಗೆಮನೆಯಿಂದ, 'ಅಮ್ಮಾ, ಆಗ್ಲೇ ಬೀಪ್ ಆಯ್ತು, ತೆಗಿ' ಎಂದಳು. ತೆಗೆದೆ. ಜ್ವರವಿರಲಿಲ್ಲ. 

ಕಿವಿಯ ಪರೀಕ್ಷೆಗೆ ಹೋದೆ. ಗಾಜಿನ ಕಿಟಕಿಯಿರುವ ಚಿಕ್ಕ ಕೋಣೆಯಲ್ಲಿ ಕೂರಿಸಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಿ ಎನ್ನುತ್ತಾರೆ. ಹೊರಗೆ ಯಂತ್ರದ ಮುಂದೆ ಕೂತ ಹುಡುಗಿ ಶಬ್ದ ಕಳಿಸಿದಾಗ ಅವಳ ಕನ್ನಡಕದಲ್ಲಿ ಒಂದು ಪುಟ್ಟ ಬೆಳಕು ಮಿನುಗುತ್ತಿತ್ತು. ನಾನು ಆ ಬೆಳಕು ನೋಡಿ ಗುಂಡಿ ಒತ್ತಿದೆ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ ಎಂದು ಬಂತು. ಯಾರಿಗೆ ಮೋಸ ಮಾಡಿದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ದೀಪ ಕಂಡರೆ ಕೈ ತಾನಾಗಿ ಹೋಗುವಷ್ಟು ಆ ಪದ್ಧತಿ ಮೈಗೆ ಹತ್ತಿಹೋಗಿತ್ತು.

ಜನ ಮನೆಯಿಂದ ಹೊರಗೆ ಬರದೆ ಕೂತ ಆ ಕಾಲದಲ್ಲಿ ಫೋನಿನಲ್ಲೇ, ಅವರ ತೆರೆಯನ್ನು ನೋಡುತ್ತ ಕೆಲಸ ಮಾಡುವುದು ರೂಢಿಯಾಯಿತು. ಎಲ್ಲರೂ ಬೇಸರಪಟ್ಟರು, ನನಗೆ ಅದು ಹಬ್ಬ. ಅಷ್ಟು ಮೇಲಿನ ಸ್ವರ ಫೋನಿನಲ್ಲಿ ಯಾರಿಗೂ ಸರಿಯಾಗಿ ಕೇಳುವುದಿಲ್ಲ. ನೀವೇ ಹೇಳಿ ಎನ್ನುವುದು ಅಲ್ಲಿ ಸಹಜ. ಆಮೇಲೆ ಮತ್ತೆ ಮನೆಗಳಿಗೆ ಹೋಗುವುದು ಶುರುವಾಯಿತು. ಹೋದ ಮನೆಯಲ್ಲೆಲ್ಲ ಸಾರ್ ಮಾಡುತ್ತಿದ್ದಂತೆ ತಲೆ ತಗ್ಗಿಸಿ ವೈರು ಸುತ್ತಿಕೊಂಡೆ. ನನ್ನ ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ. ಗೊತ್ತಾಗಿಬಿಟ್ಟರೆ ಎಂಬ ಭಯ ಗೇಟಿನ ಹತ್ತಿರವೇ ಶುರುವಾಗುತ್ತಿತ್ತು.

ಗೊತ್ತಾದದ್ದು ರಾಜಾಜಿನಗರದಲ್ಲಿ.

ಹರ್ಷಿತಾ ಎಂಬ ಹುಡುಗಿ. ಹುಡುಗಿ ಎನ್ನುತ್ತೇನೆ, ಶಾಲೆಯಲ್ಲಿ ಪಾಠ ಮಾಡುವ ಟೀಚರು. ಚಿಕ್ಕ ಮಕ್ಕಳಿಗಾಗಿ ಕನ್ನಡದ ಹಾಡುಗಳನ್ನು ಮನೆಯಲ್ಲೇ ಮಾಡುತ್ತಿದ್ದಳು. ಅವಳ ತಂದೆ ರಂಗಪ್ಪನವರು ಕಾರ್ಖಾನೆಯಿಂದ ನಿವೃತ್ತರಾದವರು. ನಾನು ಚೀಲ ಇಳಿಸುತ್ತಿದ್ದಂತೆಯೇ ಮಗಳಿಗೆ, 'ಯಾರಾದ್ರೂ ಹುಡುಗ್ರು ಬರ್ತಾರೆ ಅಂದ್ಕೊಂಡಿದ್ದೆ' ಎಂದರು. ಕಡಿಮೆ ದನಿಯಲ್ಲಿ ಹೇಳಿದ್ದೇನೆ ಎಂದು ಅವರ ಭಾವನೆ. ಅಂಥ ದನಿ ನನಗೆ ಚೆನ್ನಾಗಿಯೇ ಕೇಳುತ್ತದೆ.

ಸಾಫ್ಟ್‌ವೇರು ಹೊಸದಾಗಿ ಅಪ್‌ಡೇಟ್ ಆಗಿ ಅವಳ ಕೀಬೋರ್ಡಿನ ಸಮಾಚಾರ ಒಂದು ಟ್ರ್ಯಾಕಿಗೂ ತಲುಪುತ್ತಿರಲಿಲ್ಲ. ದೀಪದ ಜಾಡು ಹಿಡಿದು ಹೋದೆ. ದಾರಿ ಸಿಕ್ಕಿತು. ಸ್ಥಾಯಿಯ ಗುಂಡಿಯನ್ನೂ ಒತ್ತಿ ನೋಡಿದೆ. ಒಂದು ಮನೆಯನ್ನು ಹಿಡಿದುಕೊಂಡೇ ಒತ್ತಿದೆನೋ ಏನೋ ನೆನಪಿಲ್ಲ. ಒತ್ತಿರಲೇಬೇಕು. ಹಿಂದೆ ಹಾಡು ಮೆಲ್ಲಗೆ ಓಡುತ್ತಿದ್ದುದರಿಂದ ಶಬ್ದದ ಗೀಟು ಏಳುತ್ತ ಬೀಳುತ್ತ ಇತ್ತು. ರಂಗಪ್ಪನವರು ಬಾಗಿಲಿಗೊರಗಿ ನಿಂತು ನೋಡುತ್ತಿದ್ದರು. ಹರ್ಷಿತಾ ಕಾಫಿ ತಂದು ನನ್ನ ಕೈಗಿತ್ತಳು.

'ನೀವೇ ಹೇಳಮ್ಮ, ಈಗ ಸರಿ ಇದೆಯಾ?' ಎಂದೆ.

ಅವಳ ಹುಬ್ಬು ಸ್ವಲ್ಪ ಗಂಟಿಕ್ಕಿತು. ತೆರೆ ನೋಡಿದಳು, ನನ್ನ ಮುಖ ನೋಡಿದಳು, ಬಾಗಿಲಲ್ಲಿದ್ದ ತಂದೆಯನ್ನು ನೋಡಿದಳು. ನಾನು ಕಾಫಿ ಹಿಡಿದು ನಗುತ್ತಿದ್ದೆ. ಅವಳು ನನ್ನ ಭುಜದ ಮೇಲಿಂದ ಕೈಚಾಚಿ ಮೌಸ್ ಸರಿಸಿ ಪ್ಯಾನಿಕ್ ಬಟನ್ ಒತ್ತಿದಳು.

'ಸಾರಿ ಆಂಟಿ' ಎಂದಳು. 'ನನ್ನ ಕೈ ತಾಗ್ಬಿಡ್ತು.'

ಅವಳಿಗೆ ಆ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮುದುಕಿಯೊಬ್ಬಳ ಮಾನ ಉಳಿಸಲು ಒಂದು ಗಳಿಗೆಯಲ್ಲಿ ಅವಳಿಗೆ ಹೊಳೆದದ್ದು ಅದೇ ಮಾತು. ಆ ಮಾತಿನ ಬೆಲೆ ನನ್ನಷ್ಟು ಚೆನ್ನಾಗಿ ಗೊತ್ತಿದ್ದ ಇನ್ನೊಬ್ಬರು ಆ ಮನೆಯಲ್ಲಿರಲಿಲ್ಲ.

ರಂಗಪ್ಪನವರು ಶುರುಮಾಡಿದರು. 'ಏನ್ ಮಾಡ್ದೆ? ನೋಡ್ಕೊಂಡ್ ಮಾಡಕ್ಕಾಗಲ್ವಾ? ಪಾಪ, ಅವ್ರು ಈ ವಯಸ್ಸಲ್ಲಿ ಬಂದು ಸರಿ ಮಾಡ್ಕೊಟ್ಟಿದ್ದಾರೆ, ಬೆನ್ನ ಹಿಂದೇನೇ ಕೆಡಿಸ್ತಾಳೆ. ಸ್ಕೂಟಿ ಕಲಿಯಕ್ಕೆ ಹೋದಾಗ್ಲೂ ಹೀಗೇ ಇವ್ಳು. ಎಲ್ಲಿ ಕೈ ಇಡ್ಬಾರ್ದೋ ಅಲ್ಲೇ ಇಡೋದು.' ಹರ್ಷಿತಾ ಸುಮ್ಮನೆ ನಿಂತಿದ್ದಳು. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ. ನಾನು ಎಷ್ಟೋ ಮನೆಗಳಲ್ಲಿ ಹಾಗೆ ನಿಂತಿದ್ದೆ. ಕೂತ ಜಾಗದಿಂದ ಅದು ಹೇಗೆ ಕಾಣುತ್ತದೆ ಎಂದು ಮೊದಲ ಸಲ ಕಂಡೆ.

ಆ ಕ್ಷಣವೇ ಎದ್ದು ನಿಜ ಹೇಳಿದೆ ಎಂದು ಬರೆಯಲು ಆಸೆಯಿದೆ. ಹಾಗಾಗಲಿಲ್ಲ. ನಾನು ಕಾಫಿ ಕುಡಿದೆ. ಬಿಸಿಯಿತ್ತು, ಮೆಲ್ಲಗೆ ಕುಡಿದೆ. ಲೋಟ ಖಾಲಿಯಾಗುವವರೆಗೂ ಅವರು ಅವಳನ್ನು ಬೈಯುತ್ತಿದ್ದರು, ನಾನು ಬೈಸುತ್ತಿದ್ದೆ. ಅಷ್ಟು ಹೊತ್ತು ನನ್ನ ತಲೆಯಲ್ಲಿದ್ದುದು ಅವಳಲ್ಲ. ಈಗ ಹೇಳಿದರೆ ರಾಜಾಜಿನಗರದಲ್ಲಿ ಇನ್ನು ಯಾರು ಕರೆಯುತ್ತಾರೆ ಎಂಬುದು. ಕಣ್ಣು ಕಾಣದ ಟೈಲರ್ ಎಂಬ ಸಾರ್ ಮಾತು. ಲೋಟ ಕೆಳಗಿಟ್ಟ ಮೇಲೆ ಕೈಯಲ್ಲಿ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

'ಅವಳ ಕೈ ತಾಗ್ಲಿಲ್ಲ ಸಾರ್' ಎಂದೆ. 'ತಪ್ಪು ನಂದು. ಒಂದು ಸ್ವರ ನಿಲ್ದೆ ಕೂಗ್ತಾ ಇತ್ತು, ನನಗೆ ಕೇಳಿಸ್ಲಿಲ್ಲ. ನನಗೆ ಮೇಲಿನ ಸ್ವರ ಕೇಳಿಸಲ್ಲ.'

 ರಂಗಪ್ಪನವರು ಮಗಳನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು.

'ಕೂಗ್ತಿತ್ತಾ?' ಎಂದು ಅವಳನ್ನು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. 'ನನಗೂ ಏನೂ ಕೇಳಿಸ್ಲಿಲ್ಲವಲ್ಲಮ್ಮ' ಎಂದರು ನನಗೆ. ಬಂದು ಮಂಚದ ತುದಿಯಲ್ಲಿ ಕೂತರು. 'ಟಿವಿ ಜೋರಾಗಿ ಇಡ್ತೀನಿ ಅಂತ ದಿನಾ ಜಗಳ ಇವ್ಳದ್ದು. ನಾನು, ಟಿವಿನೇ ಸರಿಯಿಲ್ಲ ಅಂತೀನಿ.'

ಹರ್ಷಿತಾ ಹಿಂಜರಿಯುತ್ತ, 'ಇನ್ನೊಂದ್ ಸಲ ಹಾಕ್ಲಾ ಆಂಟಿ?' ಎಂದಳು. ಹಾಕು ಎಂದೆ. ಅವಳು ಆ ಸ್ವರದ ಮನೆಯನ್ನು ಒತ್ತಿ ಹಿಡಿದಳು. ನಾವಿಬ್ಬರು ವಯಸ್ಸಾದವರು ಸ್ಪೀಕರಿನ ಕಡೆ ಬಗ್ಗಿದೆವು. ಏನೂ ಇಲ್ಲ. ಫ್ಯಾನಿನ ಸದ್ದು, ಹೊರಗೆ ತರಕಾರಿ ಗಾಡಿಯವನ ಸದ್ದು. ತಲೆಯೆತ್ತಿ ನೋಡಿದರೆ ಅವಳ ಮುಖ ಹಿಂಡಿಕೊಂಡಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು. ಶಬ್ದವಿದೆ ಎಂದು ನಮಗೆ ತಿಳಿದದ್ದು ಅದರಿಂದ. ಅವಳು ಬೆರಳು ಎತ್ತಿದಾಗ ಮುಖ ಸಡಿಲವಾಯಿತು. ನಿಂತಿತು ಎಂದು ತಿಳಿದದ್ದೂ ಅದರಿಂದಲೇ.

ಅದೇ ನನ್ನ ಕೊನೆಯ ಮನೆ. ಯಾರೂ ಬೇಡ ಎನ್ನಲಿಲ್ಲ, ನಾನೇ ಬಿಟ್ಟೆ. ಕಿವಿಯ ಪರೀಕ್ಷೆಯನ್ನು ಮತ್ತೆ ಮಾಡಿಸಿದೆ, ಕಣ್ಣು ಮುಚ್ಚಿ ಕೂತು. ಹೊಸಬರು ಈಗಲೇ, ಎಲ್ಲ ಕೇಳುತ್ತಿರುವಾಗಲೇ, ಒಮ್ಮೆ ಮಾಡಿಸಿ ಇಟ್ಟುಕೊಳ್ಳಿ. ಹೆಡ್‌ಫೋನಿನ ವಾಲ್ಯೂಮ್ ಇಳಿಸಿ. ದೀಪದ ಪದ್ಧತಿ ಕೆಟ್ಟದ್ದಲ್ಲ, ಮಾಡಿ. ಆದರೆ ಕೊನೆಯಲ್ಲಿ ಮನೆಯವರನ್ನು ಕೇಳುವಾಗ ಏಕೆ ಕೇಳುತ್ತಿದ್ದೀರಿ ಎಂದೂ ಹೇಳಿ.

ಇದನ್ನು ಬರೆಯುವ ಮೊದಲು ಸಾರ್ ಅವರನ್ನು ಕೇಳಬೇಕಿತ್ತು. ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಅವರು ಈಗ ಎರಡೂ ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ. ಸೊಸೆ ಒಳಗಿದ್ದರು, ನಾನು ಗಟ್ಟಿಯಾಗಿಯೇ ಹೇಳಬೇಕಾಯಿತು. ರಾಜಾಜಿನಗರದ್ದನ್ನೆಲ್ಲ ಹೇಳಿದೆ, ಕಾಫಿಯ ವಿಷಯವನ್ನೂ ಬಿಡದೆ.  ಮುಗಿದ ಮೇಲೆ ಪಂಚೆಯ ಅಂಚನ್ನು ಮಡಿಸುತ್ತ ಬಿಡಿಸುತ್ತ ಕೂತರು.

'ಎಷ್ಟ್ ಮನೇಲಿ ಬೈದಿದ್ದೀನಿ ನಿಮ್ಮನ್ನ?' ಎಂದರು.

'ಲೆಕ್ಕ ಇಟ್ಟಿಲ್ಲ ಸಾರ್.'

'ನೀವು ಒಂದು ಕಾಫಿ ಮುಗಿಯೋಷ್ಟರಲ್ಲಿ ಹೇಳಿದ್ರಿ. ನಾನು ಅಷ್ಟ್ ವರ್ಷ ಕಾಫಿ ಕುಡೀತಾನೇ ಇದ್ದೆ.' ಆಮೇಲೆ, 'ಆ ಮನೆಗಳಿಗೆಲ್ಲ ಹೋಗಿ ಹೇಳ್ಕೊಂಡ್ ಬರಕ್ಕೆ ಈಗ ನನ್ನ ಕೈಲಾಗಲ್ಲ ಗಿರಿಜಮ್ಮ. ಬರೀರಿ. ನನ್ನ ಹೆಸರು ಹಾಕೇ ಬರೀರಿ' ಎಂದರು.

ಹಾಕಿದ್ದೇನೆ. ಗೋವಿಂದರಾಜನಗರ, ಬಾಪೂಜಿನಗರ, ದೀಪಾಂಜಲಿ ನಗರ, ವಿಜಯನಗರ, ಬಸವೇಶ್ವರನಗರದ ಆ ಮನೆಗಳವರು ಯಾರಾದರೂ ಇದನ್ನು ಓದಿದರೆ, ನಿಮ್ಮ ಹಿಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ಬೈಸಿಕೊಂಡದ್ದು ನೆನಪಿದ್ದರೆ, ಹೇಳಬೇಕಾದ್ದು ಇಷ್ಟೇ. ಅವತ್ತು ಯಾರ ಕೈಯೂ ತಾಗಿರಲಿಲ್ಲ.